ಬೀಬಿ ಕೊಟ್ಟ ತೆನೆ

"ಸಿಸ್ಟಾ, ಇಷ್ಟೊಂದು ಹೂವು ಹಾಕಿದ್ರೆ ಪುಟ್ಟ ಮರಿಯಾಗೆ ನೋವಾಗಲ್ವಾ?"

ಆಗಸ್ಟ್ 30ರ ಬೆಳಿಗ್ಗೆ, ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆಯಾದ ನೊವೇನದ ಮೊದಲ ದಿನ, ನಮ್ಮ ಹಾಸ್ಟೆಲಿನ ಚಿಕ್ಕ ಹುಡುಗಿಯೊಬ್ಬಳು ಸ್ವಾಹಿಲಿಯಲ್ಲಿ ಹೀಗೆ ಕೇಳಿದಳು. ಸಿಸ್ಟಾ ಅಂದರೆ ಸಿಸ್ಟರ್, ನಾನು. ಪುಟ್ಟ ಮರಿಯಾ ಅಂದರೆ ಬಾಲ ಮರಿಯಮ್ಮನ ಮೂರ್ತಿ. ಸೆಪ್ಟೆಂಬರ್ 8ರ ಮೊಂತಿ ನಮ್ಮ ಕರಾವಳಿಯ ಕ್ಯಾಥೊಲಿಕರಿಗೆ ಅವಳ ಹುಟ್ಟುಹಬ್ಬವೂ ಹೌದು, ಹೊಸ ತೆನೆಯ ಹಬ್ಬವೂ ಹೌದು. ಹುಡುಗಿಯ ಕೈಯಲ್ಲಿ ಕಾಗದದ ಹೂವಿನ (ಬೊಗೇನ್‌ವಿಲ್ಲಾ) ಬುಟ್ಟಿ. ಇಲ್ಲಿ ಈ ತಿಂಗಳಲ್ಲಿ ಸಿಗುವುದು ಅದು, ಬಿಟ್ಟರೆ ದೇವಕಣಗಿಲೆ. "ಮೆಲ್ಲಗೆ ಹಾಕು, ನೋವಾಗಲ್ಲ" ಅಂದೆ. ಅವಳು ಒಂದೊಂದೇ ಎಸಳು ಬಿಡಿಸಿ ಹಾಕತೊಡಗಿದಳು. ಅವಳ ಹಿಂದೆ ನಿಂತವರಿಗೆಲ್ಲ ತಡವಾಯಿತು. ಅವಸರ ಮಾಡಬೇಡ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನನಗಂತೂ ಅವಳು ಹಾಗೇ ನಿಂತಿರಲಿ ಅನಿಸಿತು. ಊರಲ್ಲಿ ನಾವು ರಥಪುಷ್ಪ, ಡೇರೆ, ಗೋರಂಟೆ ಕೊಯ್ಯಲು ಬೆಳಕು ಹರಿಯುವ ಮೊದಲೇ ಅಂಗಳ ಅಂಗಳ ಸುತ್ತುತ್ತಿದ್ದೆವು. ಒದ್ದೆ ಲಂಗದಲ್ಲೇ ಇಗರ್ಜಿಗೆ ಓಡುತ್ತಿದ್ದೆವು.

ನಾನಿರುವುದು ತಾಂಜಾನಿಯಾದ ಇಫಕಾರ ಪಟ್ಟಣದಿಂದ ಒಂದಿಷ್ಟು ಒಳಗೆ, ಕಿಲೊಂಬೆರೊ ಬಯಲಿನಲ್ಲಿ. ಎತ್ತ ನೋಡಿದರೂ ಭತ್ತದ ಗದ್ದೆ. ದೂರದಲ್ಲಿ ಉಡ್ಜುಂಗ್ವಾ ಬೆಟ್ಟಗಳು. ಬಂಟ್ವಾಳದ ಕಡೆಯ ಹುಡುಗಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದುಂಟಾ? ಆದರೆ ಇಲ್ಲಿ ಮಳೆ ಬರುವುದು ನವೆಂಬರಿನಿಂದ ಮೇವರೆಗೆ. ಕೊಯ್ಲು ಜುಲೈ ಹೊತ್ತಿಗೆ ಮುಗಿಯುತ್ತದೆ. ನಮ್ಮೂರಲ್ಲಿ ಮಳೆಗಾಲದ ಏಣಿಲು ಬೆಳೆ ಹಾಲು ತುಂಬಿ ಬಾಗುವ ಸೆಪ್ಟೆಂಬರಿನಲ್ಲಿ ಇಲ್ಲಿ ಒಣ ಕೂಳೆ, ಅಲ್ಲಲ್ಲಿ ಬೆಂಕಿ ಹಾಕಿದ ಕರಿ, ಎಲ್ಲೆಲ್ಲೂ ಧೂಳು.

ಹಬ್ಬದ ಊಟಕ್ಕೆ ಬೇಕಾದ ಉಳಿದದ್ದಕ್ಕೆಲ್ಲ ಏನೂ ತೊಂದರೆಯಿಲ್ಲ. ಸಂತೆಯಲ್ಲಿ ಹರಿವೆ ಇದೆ, ಬೆಂಡೆ ಇದೆ, ಅಲಸಂಡೆ ಇದೆ. ಕೆಸು ಕಾನ್ವೆಂಟಿನ ಬಚ್ಚಲ ನೀರಿಗೇ ಬೆಳೆದಿದೆ. ತೆಂಗಿನಕಾಯಿ ಇಲ್ಲದೆ ಇಲ್ಲಿಯವರದ್ದೂ ಅಡುಗೆಯಿಲ್ಲ. ಮಕ್ಕಳಿಗೆ ಕೊಡುವ ಕಬ್ಬಂತೂ ಕಿಡಟು ಕಡೆಯಿಂದ ಹೊರೆಗಟ್ಟಲೆ ಬರುತ್ತದೆ. ಅಮಟೆಕಾಯಿ ಸಿಗಲಿಲ್ಲ, ಹುಣಸೆ ಹಾಕಿದೆವು. ತೆನೆ ಮಾತ್ರ ಇಲ್ಲ. ತೆನೆಯಿಲ್ಲದ ಮೊಂತಿ ಹಬ್ಬ ಹೇಗೆ ಮಾಡುವುದು?

ನಮ್ಮ ಮದರ್ ಕೇರಳದವರು. "ಅಂಗಡಿಯ ಅಕ್ಕಿಯನ್ನೇ ಆಶೀರ್ವಾದ ಮಾಡಿಸೋಣ" ಅಂದರು. ಪ್ರೀತಿಯಿಂದಲೇ ಹೇಳಿದ್ದು. ನಾನು ಆಯಿತು ಅಂದೆ, ಆದರೆ ಮನಸ್ಸು ಒಪ್ಪಲಿಲ್ಲ.

ಬೇಲಿಯಾಚೆ ಒಬ್ಬರು ಅಜ್ಜಿ ಇದ್ದಾರೆ. ಎಲ್ಲರ ಹಾಗೆ ನಾನೂ ಅವರನ್ನು ಬೀಬಿ ಅನ್ನುತ್ತೇನೆ. ಮುಸ್ಲಿಮರು. ಗಂಡ ತೀರಿಕೊಂಡ ಮೇಲೆ ಗದ್ದೆಯನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ನೀರು ಸೇದಲು ಬಂದವರು ಹುಡುಗಿಯರ ಬಾಯಲ್ಲಿ ವಿಷಯ ಕೇಳಿದ್ದಾರೆ. ಹಬ್ಬದ ಹಿಂದಿನ ಸಂಜೆ ಮೈಗೆ ಸುತ್ತಿಕೊಳ್ಳುವ ಕಂಗಾ ಬಟ್ಟೆಯ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದರು. ತೆರೆದರೆ ಒಂದು ಹಿಡಿ ತೆನೆ! ಬರುವ ಸಲದ ಬಿತ್ತನೆಗೆಂದು ಒಳ್ಳೊಳ್ಳೆಯದನ್ನೇ ಆರಿಸಿ, ಬಾಳೆನಾರಿನಲ್ಲಿ ಕಟ್ಟಿ, ಒಲೆಯ ಮೇಲೆ ಮಾಡಿಗೆ ತೂಗುಹಾಕಿದ್ದಂತೆ. ಹೊಗೆ ಹಿಡಿದು ಕಂದು ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಕಾಳು ಗಲಗಲ ಅನ್ನುತ್ತಿತ್ತು.

"ಬೀಬಿ, ಇದು ಬೀಜದ್ದಲ್ವಾ? ಬೇಡ" ಅಂದೆ.

"ಮರಿಯಮ್ಮಳ ಹುಟ್ಟಿದ ದಿನಕ್ಕೆ ಅಲ್ವಾ? ಇಟ್ಟುಕೋ" ಅಂದರು. ಬೇರೇನೂ ಹೇಳದೆ ಕೊಡ ಎತ್ತಿಕೊಂಡು ಹೋದರು.

ಬೀಜದ ಭತ್ತವನ್ನು ಕೇಳಿದವರಿಗೂ ಸುಮ್ನೆ ಕೊಡುವವರಲ್ಲ ರೈತರು. ನಮ್ಮ ಮನೆಯಲ್ಲಿ ಮುಡಿ ಕಟ್ಟಿಟ್ಟ ಬೀಜವನ್ನು ಎಂಥ ಮಳೆಗಾಲದಲ್ಲೂ ಅಪ್ಪ ಮುಟ್ಟಲು ಬಿಡುತ್ತಿರಲಿಲ್ಲ. ಆ ರಾತ್ರಿ ತೆನೆಯನ್ನು ಬಲಿಪೀಠದ ಪಕ್ಕ ಇಟ್ಟು ಬಂದವಳಿಗೆ ನಿದ್ದೆ ಬರಲಿಲ್ಲ.

ಮರುದಿನ ಪುರುಸೊತ್ತೇ ಇರಲಿಲ್ಲ. ಬಲಿಪೂಜೆ, ಮೆರವಣಿಗೆ, ಹುಡುಗಿಯರ ಹಾಡು, ಕಬ್ಬಿಗೆ ನೂಕುನುಗ್ಗಲು. ಈ ಹಬ್ಬ ಎಷ್ಟು ಹಳೆಯದು ಎಂದು ದೊಡ್ಡ ಹುಡುಗಿಯರು ಕೇಳಿದರು. ಕಾಯಿ ತುರಿಯುತ್ತಾ ಹೇಳಿದೆ. ನೇತ್ರಾವತಿಯ ದಡದಲ್ಲಿ ಫರಂಗಿಪೇಟೆ ಅಂತ ಇದೆ, ಅಲ್ಲಿ ಮೊಂತೆ ಮರಿಯಾನೊ ಇಗರ್ಜಿ, 1763ರ ಸುಮಾರಿಗೆ ಜೋಕಿಂ ಮಿರಾಂದಾ ಎಂಬ ಪಾದ್ರಿಗಳು ಅಲ್ಲಿ ಶುರು ಮಾಡಿದರಂತೆ ಎಂದೆ. ಅವರು ಗೋವಾದವರು ಅನ್ನುವಾಗ ನನ್ನ ಕೈ ಒಂದು ಗಳಿಗೆ ನಿಂತಿತು. ಇಷ್ಟು ವರ್ಷ ಈ ಕಥೆ ಕೇಳಿದ್ದೇನೆ, ಹೇಳಿದ್ದೇನೆ. ಅವರೂ ಊರು ಬಿಟ್ಟು ಬಂದವರು ಎಂಬುದು ಮೊದಲ ಸಲ ತಟ್ಟಿತು. ಸೆಪ್ಟೆಂಬರ್ 8ರಂದು ಅವರಿಗೂ ಗೋವಾದ ಮನೆ ನೆನಪಾಗುತ್ತಿತ್ತೇನೋ. ಅವರ ಅಮ್ಮನೂ ಒಂದು ಎಲೆ ಜಾಸ್ತಿ ಹಾಕುತ್ತಿದ್ದರೇನೋ.

ಇಲ್ಲಿ ಹತ್ತು ಗಂಟೆಯಾದರೆ ಊರಲ್ಲಿ ಹನ್ನೆರಡೂವರೆ. ಸರಿಯಾಗಿ ಊಟಕ್ಕೆ ಕೂರುವ ಹೊತ್ತಿಗೆ ಅಮ್ಮನ ವಿಡಿಯೊ ಕರೆ ಬಂತು. ಉದ್ದನೆಯ ಚಾವಡಿಯಲ್ಲಿ ಅಪ್ಪ ಒಬ್ಬರೇ. ನನ್ನದೊಂದು, ದುಬೈಯಲ್ಲಿರುವ ಅಣ್ಣನದೊಂದು ಎಲೆ ಖಾಲಿ ಹಾಕಿದ್ದಾರೆ. ಎರಡರ ಮೇಲೂ ನೊವೆಂ, ಅಂದರೆ ಹೊಸ ಅಕ್ಕಿ ಹಾಕಿದ ತೆಂಗಿನ ಹಾಲು, ಬಡಿಸಿದ್ದಾರೆ. "ಪುತಾ, ನಿನ್ನ ಪಾಲು ಕೆಲಸದ ಶೀಲಾಳ ಮಗನಿಗೆ ಕೊಡ್ತೇನೆ ಆಯ್ತಾ" ಎಂದು ಅಮ್ಮ ನಕ್ಕರು. ನಾನೂ ನಕ್ಕೆ.

ಮೊದಲು ನಮ್ಮ ಗದ್ದೆಯಿಂದಲೇ ಇಗರ್ಜಿಗೆ ತೆನೆ ಹೋಗುತ್ತಿತ್ತು. ಹಬ್ಬದ ಮುಂಜಾನೆ ಅಪ್ಪ ಸ್ನಾನ ಮಾಡಿ, ಕತ್ತಿ ಹಿಡಿದು, ಯಾರೊಂದಿಗೂ ಮಾತಾಡದೆ ಗದ್ದೆಗಿಳಿಯುತ್ತಿದ್ದರು. ನಾನು ಹಾಳೆ ಹಿಡಿದು ಬದುವಿನ ಮೇಲೆ ನಿಲ್ಲುತ್ತಿದ್ದೆ. ಕಟ್ಟು ತಲೆಯ ಮೇಲಿಟ್ಟರೆ ಇಬ್ಬನಿ ಕುತ್ತಿಗೆಗೆ ಇಳಿಯುತ್ತಿತ್ತು. ಇಗರ್ಜಿಯ ನಮ್ಮ ಇಡೀ ವಾಳೆಗೆ, ಅಂದರೆ ವಠಾರಕ್ಕೆ, ನಮ್ಮ ತೆನೆ ಎಂಬ ಹೆಮ್ಮೆ ನನಗೆ. ಅಣ್ಣ ಹೊರಟ, ನಂತರ ನಾನು ಕಾನ್ವೆಂಟ್ ಸೇರಿದೆ. ನಾನು ಮೊದಲ ವ್ರತ ತೆಗೆದುಕೊಂಡ ವರ್ಷ ಅಪ್ಪ ಗದ್ದೆಗೆ ಮಣ್ಣು ಹಾಕಿಸಿ ಅಡಿಕೆ ಇಟ್ಟರು. ನೆಡುವವರಿಲ್ಲ, ಕೊಯ್ಯುವವರಿಲ್ಲ. ಊರಿನ ಎಷ್ಟು ಗದ್ದೆಗಳ ಕಥೆ ಇದೇ. "ದೇವರ ಕೆಲಸಕ್ಕೆ ಹೋದವಳು ನೀನು, ಗದ್ದೆ ಚಿಂತೆ ಬಿಡು" ಎಂದು ಅಪ್ಪ ಪತ್ರದಲ್ಲಿ ಒಂದು ಸಾಲು ಬರೆದಿದ್ದರು. ಬಿಡಲಿಕ್ಕೆ ಆಗಿಲ್ಲ. ಈಗ ಅವರೂ ಎಲ್ಲರೊಂದಿಗೆ ಸಾಲಿನಲ್ಲಿ ನಿಂತು ಒಂದು ತೆನೆ ತರುತ್ತಾರೆ. ಈ ವರ್ಷದ್ದು ತೀರಾ ಸಣ್ಣ ತೆನೆ, ಅಮ್ಮ ತೋರಿಸಿದರು.

ನಾನು ಬೀಬಿಯ ತೆನೆ ತೋರಿಸಿದೆ. ಸುಲಿದು, ಕುಟ್ಟಿ, ತೆಂಗಿನ ಹಾಲಿಗೆ ಹಾಕಿದ ಮೇಲೆ ಉಳಿದಿದ್ದು ಒಂದೇ. ಅಪ್ಪ ಊಟ ಬಿಟ್ಟು ಫೋನ್ ಕೈಗೆ ತೆಗೆದುಕೊಂಡರು. "ಹತ್ತಿರ ತಾ." ಹತ್ತಿರ ತಂದೆ. "ಕಾಳು ಉದ್ದ ಉಂಟು. ಹುಲ್ಲು ಎಷ್ಟೆತ್ತರ ಬರ್ತದಂತೆ? ಗಾಳಿಗೆ ಮಲಗ್ತದಾ? ಗೊಬ್ಬರ ಎಂತ ಹಾಕ್ತಾರೆ?" ಅಮ್ಮ ಅನ್ನ ಆರುತ್ತದೆ ಎಂದು ಕೂಗುತ್ತಲೇ ಇದ್ದರು. ಅಡಿಕೆ ಇಟ್ಟ ಮೇಲೆ ಅಪ್ಪ ಭತ್ತದ ಬಗ್ಗೆ ಇಷ್ಟು ಮಾತಾಡಿದ್ದು ನಾನು ಕೇಳಿಲ್ಲ. ತೋಟ ಹೇಗಿದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮಧ್ಯಾಹ್ನ ಬೀಬಿ ನಮ್ಮೊಂದಿಗೇ ಉಂಡರು. ಮೊದಲ ಚಮಚ ನೊವೆಂ ಅವರಿಗೇ ಕೊಟ್ಟೆವು. ಹಿರಿಯರು ಅವರೇ ತಾನೆ. ಬೀಜ ಕಡಿಮೆಯಾದದ್ದಕ್ಕೆ ಏನು ಮಾಡುತ್ತೀರಿ ಎಂದರೆ ತಂಗಿಯ ಮನೆಯಿಂದ ತರುತ್ತೇನೆ ಅಂದರು. ಮಳೆ ಶುರುವಾದ ಮೇಲೆ ರಜೆಯ ದಿನ ನಾನೂ ಗದ್ದೆಗೆ ಬರುತ್ತೇನೆ ಎಂದಿದ್ದೇನೆ. "ಸಿಸ್ಟಾಗೆ ನಾಟಿ ಬರುತ್ತದಾ?" ಎಂದು ನನ್ನ ಕೈ ತಿರುಗಿಸಿ ನೋಡಿದರು. ಬರುತ್ತದೆ ಅಂದೆ.

ರಾತ್ರಿ ಇದನ್ನು ಅಪ್ಪನಿಗೆ ಹೇಳಿದೆ. ನೇಜಿ (ನಾಟಿಯ ಸಸಿ) ಇಪ್ಪತ್ತೈದು ದಿನ ದಾಟಲು ಬಿಡಬಾರದು, ಬೀಬಿಗೆ ಮರೆಯದೆ ಹೇಳು ಎಂದಿದ್ದಾರೆ.