ನಾಲ್ಕನೇ ನಂಬರಿನ ಮಾರ್ಕರ್

ಬೆಳಗಾವಿ, 2024 ನವೆಂಬರ್ 19, ಮಂಗಳವಾರ

ರಾತ್ರಿ ಹತ್ತು ಗಂಟೆ. ಮೇಜಿನ ಮೇಲೆ ನಾಲ್ಕನೇ ನಂಬರಿನ ಪೇಂಟ್‌ಬಾಲ್ ಮಾರ್ಕರ್ ಇದೆ, ಅಂದರೆ ಗಾಳಿಯ ಒತ್ತಡದಿಂದ ಬಣ್ಣದ ಗುಂಡು ಹಾರಿಸುವ ಆಟದ ಬಂದೂಕು. ಗುಂಡು ಹಾಕಿಲ್ಲ, ನಳಿಗೆಗೆ ಮುಸುಕು ಹಾಕಿದ್ದೇನೆ. ಗಾಳಿ ಸಿಲಿಂಡರ್ ಜೋಡಿಸಿ ಎರಡು ತಾಸಾಯಿತು. ಇನ್ನೂ ಸದ್ದಿಲ್ಲ. ಮನಸ್ಸಿಗೆ ಎಷ್ಟು ಸಮಾಧಾನ!

ರವಿವಾರ ಖಾನಾಪುರ ರಸ್ತೆಯ ನಮ್ಮ ಮೈದಾನದಲ್ಲಿ ಆಟ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ, ಇದು ಸುಸ್ ಅನ್ನತೊಡಗಿತು. ಗಾಳಿಯ ಪೈಪು ಬಂದು ಸೇರುವ ಎಲ್ಬೋ, ಅಂದರೆ ಮೊಣಕೈಯಂತೆ ಬಾಗಿದ ಜೋಡಣೆ, ಅದರ ಹತ್ತಿರ ಸೋರಿಕೆ. ಹೋದ ತಿಂಗಳು ಆ ಎಲ್ಬೋ ಹಾಕಿದ್ದು ನಾನೇ. ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಮೂರು ಸುತ್ತು ಸುತ್ತಿ ಬಿಗಿ ಮಾಡಿದ್ದೆ.

ಬಿಚ್ಚಿ ನೋಡಿದೆ. ಟೇಪಿನ ಎಳೆಗಳು ಹರಿದು ಒಳಗೆ ಹೋಗಿದ್ದವು. ಒಂದು ಎಳೆ ಗಾಳಿಯ ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರಿನ ಸೀಟ್ ಮೇಲೇ, ಅಂದರೆ ಗಾಳಿಯ ದಾರಿ ಮುಚ್ಚುವ ಜಾಗದಲ್ಲೇ ಕೂತಿತ್ತು. ಅಲ್ಲಿ ಕೂದಲಷ್ಟು ಕಸ ಇದ್ದರೂ ಸೀಟ್ ಪೂರ್ತಿ ಮುಚ್ಚುವುದಿಲ್ಲ, ಒತ್ತಡ ನಿಧಾನವಾಗಿ ಏರುತ್ತಲೇ ಹೋಗುತ್ತದೆ. ಒತ್ತಡ ಏರಿದರೆ ಗುಂಡಿನ ವೇಗವೂ ಏರುತ್ತದೆ. ಸೆಕೆಂಡಿಗೆ 300 ಅಡಿ ದಾಟಬಾರದು ಅಂತ ಪ್ರತಿ ಆಟಕ್ಕೂ ಮುಂಚೆ ಅಳೆಯುತ್ತೇವೆ. ಆ ಎಳೆ ನೋಡಿದಾಗ ನನಗೆ ನಿಜಕ್ಕೂ ಭಯವಾಯಿತು. ಎದುರಿಗೆ ನಿಲ್ಲುವವರು ಹದಿನೆಂಟು ಇಪ್ಪತ್ತರ ಹುಡುಗರು.

ಟೇಪ್ ಕೆಟ್ಟದ್ದು ಅಂತಲ್ಲ. ನೀರಿನ ಪೈಪಿನಲ್ಲಿ ಒಂದು ಎಳೆ ಹರಿದರೆ ನೀರಿನ ಜೊತೆ ಹೋಗಿಬಿಡುತ್ತದೆ. ಇಲ್ಲಿ ಹಾಗಲ್ಲ. ಸಿಲಿಂಡರಿನಲ್ಲಿ ಒತ್ತಡ 3000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ), ಅದರ ಬಾಯಿಂದ ಹೊರಬರುವಾಗಲೂ ಸುಮಾರು 800. ಕಾರಿನ ಟೈರಿಗೆ ಹಾಕುವುದು ಮೂವತ್ತು ಚಿಲ್ಲರೆ ಅಲ್ವಾ? ಮೇಲಾಗಿ ಟೇಪ್ ಜಾರುತ್ತದೆ. ಎಷ್ಟು ಬಿಗಿ ಆಯಿತು ಅಂತ ಕೈಗೆ ಗೊತ್ತಾಗುವುದೇ ಇಲ್ಲ. ಇನ್ನಷ್ಟು ತಿರುಗಿಸುತ್ತೇವೆ, ಅಲ್ಯೂಮಿನಿಯಂ ಬಾಡಿ ಬಿರುಕು ಬಿಡುತ್ತದೆ.

ಆದರೆ ಸೋರಿಕೆಯ ಮೂಲ ಟೇಪ್ ಅಲ್ಲ. ಅದು ಗೊತ್ತಾಗಿದ್ದು ನಿನ್ನೆ, ಉದ್ಯಮಬಾಗದಲ್ಲಿ.

ಅಲ್ಲಿ ಹೈಡ್ರಾಲಿಕ್ ಬಿಡಿಭಾಗ ಮಾಡುವ ಒಂದು ಸಣ್ಣ ವರ್ಕ್‌ಶಾಪ್ ಇದೆ. ಲೇತ್ ಮೇಲೆ ಕೆಲಸ ಮಾಡುವ ಕಾಕಾ ನನಗೆ ಹಳೇ ಪರಿಚಯ. ಎಲ್ಬೋ ಕೈಗೆ ಕೊಟ್ಟು, 'ಎಷ್ಟು ಬಿಗಿ ಮಾಡಿದ್ರೂ ಗಾಳಿ ಹೋಗ್ತದ ಕಾಕಾ' ಅಂದೆ. ಅವರು ಪಾನಾ ಮುಟ್ಟಲಿಲ್ಲ. ಥ್ರೆಡ್, ಅಂದರೆ ತಿರುಪಿನ ಗೆರೆ, ಅಳೆಯುವ ಗೇಜಿನ ಒಂದೊಂದೇ ಹಲ್ಲಿನ ಎಲೆ ಇಟ್ಟು ಬೆಳಕಿಗೆ ಹಿಡಿದು ನೋಡಿದರು. 'ಬಿಗಿ ಮಾಡೂದು ಆಮ್ಯಾಲ ತಮ್ಮಾ, ಮೊದಲ ಥ್ರೆಡ್ ನೋಡು. ಇದು 28ರದ್ದು.'

ಮಾರ್ಕರಿನ ತೂತು 1/8 ಇಂಚಿನ ಎನ್‌ಪಿಟಿ. ಅಮೆರಿಕದ ಅಳತೆ. ಇಂಚಿಗೆ 27 ಥ್ರೆಡ್, 60 ಡಿಗ್ರಿ ಕೋನ. ನಾನು ಪೇಟೆಯಲ್ಲಿ ತಂದ ಎಲ್ಬೋ ಅದೇ 1/8 ಇಂಚಿನದು, ಆದರೆ ಬಿಎಸ್‌ಪಿ. ಬ್ರಿಟಿಷ್ ಅಳತೆ. ಇಂಚಿಗೆ 28 ಥ್ರೆಡ್, 55 ಡಿಗ್ರಿ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಇದೇ. ಕಣ್ಣಿಗೆ ಎರಡೂ ಒಂದೇ. ಒಂದೆರಡು ಸುತ್ತು ಒಳಗೂ ಹೋಗುತ್ತದೆ. ಅದಕ್ಕೇ ನಾನು ಮೋಸಹೋದೆ. ಹೊಂದದ ಥ್ರೆಡ್‌ಗೆ ಯಾವ ಟೇಪ್, ಯಾವ ಅಂಟು ಹಾಕಿದರೂ ಗಾಳಿ ದಾರಿ ಹುಡುಕಿಕೊಳ್ಳುತ್ತದೆ.

ಕಾಕಾ ಡಬ್ಬಿಯಿಂದ ಹಿತ್ತಾಳೆಯ ಎನ್‌ಪಿಟಿ ಎಲ್ಬೋ ಹುಡುಕಿ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ, ಚಹಾ ಕುಡಿಸಿ ಕಳಿಸಿದರು.

ಮನೆಗೆ ಬಂದು ಹಳೇ ಟೇಪನ್ನೆಲ್ಲ ಸೂಜಿಯಿಂದ ಕೆದರಿ ತೆಗೆದೆ. ಎರಡೂ ಕಡೆಯ ಎಣ್ಣೆ ಹೋಗುವ ಹಾಗೆ ಥಿನ್ನರಿನಲ್ಲಿ ಒರೆಸಿ ಒಣಗಿಸಿದೆ. ಆಮೇಲೆ ಥ್ರೆಡ್‌ಗೆ ಹಚ್ಚುವ ಅಂಟು, ನೀಲಿ ಲೊಕ್ಟೈಟ್ 243, ಒಂದೇ ಹನಿ. ತುದಿಯ ಮೊದಲ ಥ್ರೆಡ್ ಬಿಟ್ಟು ಹಚ್ಚಬೇಕು, ಇಲ್ಲದಿದ್ದರೆ ಅದೂ ಒಳಗೆ ಹರಿಯುತ್ತದೆ. ಕೆಂಪು ಲೊಕ್ಟೈಟ್ ಹಾಕಬೇಡಿ. ಅದನ್ನು ಬಿಚ್ಚಬೇಕಾದರೆ ಜೋರಾಗಿ ಕಾಯಿಸಬೇಕು, ಅಷ್ಟು ಬಿಸಿಗೆ ಒಳಗಿನ ಓ-ರಿಂಗ್, ಅಂದರೆ ಗಾಳಿ ತಡೆಯುವ ರಬ್ಬರ್ ಬಳೆ, ಸುಟ್ಟುಹೋಗುತ್ತದೆ. ಪ್ಲಾಸ್ಟಿಕ್ ಭಾಗಕ್ಕಂತೂ ಈ ನೀಲಿ, ಕೆಂಪು ಅಂಟು ಎರಡೂ ತಾಗಬಾರದು, ಸೀಳು ಬಿಡಬಹುದು.

ಈ ಅಂಟು ಗಾಳಿ ತಾಗದೆ, ಲೋಹ ತಾಗಿದಾಗ ಮಾತ್ರ ಗಟ್ಟಿಯಾಗುತ್ತದೆ. ಹಿತ್ತಾಳೆ ಇದ್ದರೆ ಬೇಗ, ಬಣ್ಣ ಏರಿಸಿದ ಅಲ್ಯೂಮಿನಿಯಂ ಇದ್ದರೆ ನಿಧಾನ. ಪೂರ್ತಿ ಒಂದು ದಿನ ಬಿಡುವುದೇ ಒಳ್ಳೆಯದು. ನಿನ್ನೆ ಸಂಜೆ ಏಳಕ್ಕೆ ಹಚ್ಚಿದ್ದು, ಇವತ್ತು ಎಂಟರ ತನಕ ಮುಟ್ಟಲಿಲ್ಲ.

ಸಿಲಿಂಡರ್ ತಿರುಗಿಸುವ ಜಾಗಕ್ಕೆ ಮಾತ್ರ ಟೇಪೂ ಬೇಡ, ಅಂಟೂ ಬೇಡ. ಅಲ್ಲಿ ಗಾಳಿ ತಡೆಯುವುದು ಸಿಲಿಂಡರ್ ಬಾಯಿಯ ಓ-ರಿಂಗ್. ಸಿಲಿಂಡರ್ ಬಿಚ್ಚುವಾಗ ಅದರ ವಾಲ್ವೇ ಕಳಚಿಕೊಂಡು ಅಮೆರಿಕದಲ್ಲಿ ಜೀವ ಹೋದದ್ದಿದೆ. ಅದಕ್ಕೆ ವಾಲ್ವ್ ಮತ್ತು ಬಾಟಲಿ ಕೂಡುವ ಕಡೆ ತಂಗಿಯ ಉಗುರು ಬಣ್ಣದಿಂದ ಅಡ್ಡ ಗೆರೆ ಎಳೆದಿದ್ದೇನೆ. ಗೆರೆ ಅತ್ತಿತ್ತ ಸರಿದರೆ ಆ ಸಿಲಿಂಡರ್ ಮುಟ್ಟುವ ಹಾಗಿಲ್ಲ.

ಎಲ್ಬೋ ಸುತ್ತ ಸೋಪಿನ ನೀರು ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಗೇಜಿನ ಮುಳ್ಳು ಎಂಟಕ್ಕೆ ಎಲ್ಲಿತ್ತೋ ಈಗಲೂ ಅಲ್ಲೇ ಇದೆ.

ಇನ್ನೂ ಐದು ಮಾರ್ಕರ್‌ಗಳಲ್ಲಿ ನಾನೇ ಸುತ್ತಿದ ಟೇಪ್ ಇದೆ. ನಾಳೆ ಬೆಳಿಗ್ಗೆ ಗಾಳಿ ಪೂರ್ತಿ ಬಿಟ್ಟು, ಒಂದೊಂದಾಗಿ ಬಿಚ್ಚಬೇಕು.