ಬೆರಳಿನ ಊತ

ನಿನ್ನೆ ಬೆರಳಿಗೆ ಮುಳ್ಳು ಚುಚ್ಚಿತ್ತು. ಇವತ್ತು ಸುತ್ತ ಕೆಂಪಾಗಿದೆ, ಮುಟ್ಟಿದರೆ ಬಿಸಿ. ಒಳಗೆ ಎಷ್ಟೊಂದು ಕೆಲಸ ನಡೆಯುತ್ತಿದೆ ಅಲ್ವಾ! ರಭಸದಲ್ಲಿ ಓಡುವ ಬಿಳಿ ರಕ್ತಕಣ ಗಾಯದ ಹತ್ತಿರ ಸುಮ್ನೆ ತಾನಾಗಿ ನಿಲ್ಲುವುದಿಲ್ಲ. ರಕ್ತನಾಳದ ಒಳಗೋಡೆಯ ಸೆಲೆಕ್ಟಿನ್ ಅನ್ನೋ ಪ್ರೋಟೀನ್ ಅದನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಉರುಳಿಸುತ್ತದೆ. ವೇಗ ತಗ್ಗಿದ ಮೇಲೆ ಕಣದ ಮೈಮೇಲಿನ ಇಂಟೆಗ್ರಿನ್ ಅನ್ನೋ ಇನ್ನೊಂದು ಪ್ರೋಟೀನ್ ಗೋಡೆಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ನನಗೆ ಜಾಸ್ತಿ ಇಷ್ಟವಾಗಿದ್ದು ರಕ್ತದಲ್ಲಿರುವ ಫೈಬ್ರಿನೋಜೆನ್ ಅನ್ನೋ ಪ್ರೋಟೀನ್. ರಕ್ತ ಹೆಪ್ಪುಗಟ್ಟಿಸುವುದಷ್ಟೇ ಅದರ ಕೆಲಸ ಅಂದುಕೊಂಡಿದ್ದೆ. ಒಂದು ಕಡೆ ಬಿಳಿ ಕಣ, ಇನ್ನೊಂದು ಕಡೆ ನಾಳದ ಗೋಡೆ, ಎರಡನ್ನೂ ಹಿಡಿದು ಅದು ಸೇತುವೆಯೂ ಆಗಬಲ್ಲದು. ಉರಿಯೂತದ ಹೊತ್ತಿಗೆ ಲಿವರ್ ಅದನ್ನು ಇನ್ನೂ ಹೆಚ್ಚು ತಯಾರಿಸುತ್ತದೆ.

ಹುಟ್ಟಿನಿಂದಲೇ ಈ ಇಂಟೆಗ್ರಿನ್ ಕೊರತೆ ಇರುವ ಮಕ್ಕಳಿದ್ದಾರೆ. ಅವರ ಗಾಯದಲ್ಲಿ ಕೀವೇ ಕಟ್ಟುವುದಿಲ್ಲ. ರಕ್ತದ ತುಂಬ ಬಿಳಿ ಕಣಗಳಿದ್ದರೂ ಗಾಯದ ಜಾಗಕ್ಕೆ ದಾಟಲಾರವು. ಓದಿ ಕರುಳು ಚುರುಕ್ ಅಂದಿತು.