ತಾತನ ಖಾಕಿ ಅಂಗಿಯೂ ಸೇರಿದ ಕೌದಿ

ತಂಗಿಯ ಮಗುವಿಗೆ ಕೌದಿ ಹೊಲಿಯೋಣ ಅಂತ ಮನೆಮಂದಿಯ ಹಳೆ ಬಟ್ಟೆ ಕೇಳಿದೆ. ಎಲ್ಲರೂ ತೆಗೆದುಕೊಟ್ಟಿದ್ದು ಒಳ್ಳೊಳ್ಳೆ ಬಟ್ಟೆ. ಬೀರುವಿನಲ್ಲಿ ಮಡಿಸಿಟ್ಟಿದ್ದು, ಒಂದೋ ಎರಡೋ ಮದುವೆಗೆ ಉಟ್ಟಿದ್ದು. ತಂಗಿಯ ಅತ್ತೆಯಂತೂ ಮೈಸೂರಿನಿಂದ ತಮ್ಮ ಮೈಸೂರು ಸಿಲ್ಕ್ ಸೀರೆಯನ್ನೇ ಕಳಿಸಿಬಿಟ್ಟರು. ಮಾನಂದವಾಡಿ ರಸ್ತೆಯ ಫ್ಯಾಕ್ಟರಿಯದು, ಅಪ್ಪಟ ಜರಿ. ಅವರ ಮನಸ್ಸು ದೊಡ್ಡದು. ಆದರೆ ಜರಿ ಕೂಸಿನ ಮೈಗೆ ಗೀರುತ್ತದೆ. ರೇಷ್ಮೆಯನ್ನು ದಿನಾ ಒಗೆಯೋಕೂ ಆಗಲ್ಲ. ಫೋನ್ ಮಾಡಿ, "ಆಂಟಿ, ಬೆಳಿಗ್ಗೆ ಅಡುಗೆ ಮಾಡುವಾಗ ಉಡ್ತೀರಲ್ಲ, ಆ ಹತ್ತಿ ಸೀರೆ ಕೊಡಿ" ಎಂದೆ.

"ಅಯ್ಯೋ, ಅದು ಪೂರಾ ಸವೆದುಹೋಗಿದೆ ಕಣಮ್ಮಾ" ಎಂದರು.

ನನಗೆ ಬೇಕಿದ್ದಿದ್ದು ಅದೇ. ಒಗೆದು ಒಗೆದು ಸವೆದ ಹತ್ತಿಯಷ್ಟು ಮೆತ್ತಗಿರುವುದು ಬೇರೆ ಇಲ್ಲ. ಆಗ ತಾನೆ ಹುಟ್ಟಿದ ಕೂಸನ್ನು ನಮ್ಮಲ್ಲಿ ಹಳೆ ಸೀರೆಯಲ್ಲೇ ಸುತ್ತುತ್ತಾರೆ, ಅಲ್ವಾ? ಅಮ್ಮನ ವಾಯಿಲ್ ಸೀರೆ, ಅಪ್ಪನ ಚೌಕುಳಿ ಲುಂಗಿ, ತಂಗಿ ಬಸುರಿಯಾಗಿದ್ದಾಗ ಹಾಕುತ್ತಿದ್ದ ನೈಟಿ, ಎಲ್ಲ ಹಾಗೇ ಸೇರಿದವು. ಪಾಲಿಯೆಸ್ಟರ್ ಬೆವರು ಹೀರಲ್ಲ, ಅದನ್ನು ಮುಟ್ಟಲೇ ಇಲ್ಲ.

ಮಾತು ಬಂದಿದ್ದು ತಾತನ ಅಂಗಿಗೆ. ತಾತ ಮಂಡ್ಯದ ಸಕ್ಕರೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ಮೈಶುಗರ್ ಶುರುವಾದ 1933ರಲ್ಲೇ ಹುಟ್ಟಿದ್ದು. "ನಾನೂ ಫ್ಯಾಕ್ಟರಿಯೂ ಒಂದೇ ವಾರಿಗೆ" ಅನ್ನೋರು. ಕಬ್ಬು ಅರೆಯುವ ಕಾಲದಲ್ಲಿ ಅವರ ಖಾಕಿ ಅಂಗಿ ಪಾಕದ ವಾಸನೆ ಹೊಡೆಯುತ್ತಿತ್ತು. ಹೋದ ವರ್ಷ ತೀರಿಕೊಂಡರು. "ಸತ್ತೋರ ಬಟ್ಟೆ ಕೂಸಿಗೆ ಸೋಕಿಸಬಾರದು" ಅಂತ ದೊಡ್ಡಮ್ಮ ಹಟ ಹಿಡಿದರು. ಅವರಿಗೆ ನಿಜವಾಗಲೂ ಭಯ, ಸುಮ್ನೆ ಹೇಳಿದ್ದಲ್ಲ. ನಾನು ವಾದ ಮಾಡದೆ ಅಂಗಿಯನ್ನು ಅಜ್ಜಿಯ ಮುಂದಿಟ್ಟೆ.

ಅಜ್ಜಿ ಅಂಗಿಯ ಕಾಲರ್ ಸವರಿ ನೋಡಿದರು. "ಮರಿಮಗೂನ ಎತ್ತಾಡಿಸ್ಬೇಕು ಅಂತಿದ್ರು. ಹಾಕವ್ವ" ಎಂದರು. ದೊಡ್ಡಮ್ಮ ಈಗಲೂ ಪೂರ್ತಿ ಒಪ್ಪಿಲ್ಲ. ತಮ್ಮ ಸೀರೆ ತುಂಡು ಆ ಅಂಗಿಯಿಂದ ದೂರ ಇರಲಿ ಅಂದರು. ಮೂಲೆಯಲ್ಲಿ ಹಾಕಿದೆ.

ಕತ್ತರಿಸುವ ಮೊದಲು ಎಲ್ಲವನ್ನೂ ಬಿಸಿನೀರಲ್ಲಿ ಒಗೆದೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುವುದನ್ನು ಬದಿಗಿಟ್ಟೆ. ಗುಂಡಿ, ಹುಕ್ಕು ಎಲ್ಲ ಕಿತ್ತೆ. ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಕೌದಿಯ ತಳಕ್ಕೆ ಹಳೆ ಪಂಚೆ, ಅದರ ಮೇಲೆ ಅಜ್ಜಿಯ ಸೀರೆಯ ಒಂದು ಪದರ. ದಾರ ಪೇಟೆ ಬೀದಿಯಲ್ಲಿ ತಂದ ದಪ್ಪ ಹತ್ತಿ ದಾರ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಂಗಸರು ಕವಂದಿ, ಅಂದರೆ ಅವರ ಕೌದಿ, ಹೊಲಿಯುವ ರೀತಿ ನನಗೆ ಬಹಳ ಇಷ್ಟ. ಅಂಚಿನಿಂದ ಶುರು ಮಾಡಿ, ತುಂಡುಗಳನ್ನು ಸೇರಿಸುತ್ತಾ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ನಾನೂ ಹಾಗೇ ಮಾಡಿದೆ. ಪದರ ಎಲ್ಲೂ ಜಾರಲ್ಲ. ನಡುವಿಗೆ ಬಂದಾಗ ತಾತನ ಅಂಗಿಯ ಜೇಬಿರುವ ಭಾಗ ಇಟ್ಟು, ಸುತ್ತ ಬಿಗಿಯಾಗಿ ಹೊಲಿದೆ.

ಒಂದು ಮಾತು ಮಾತ್ರ ತಂಗಿಗೆ ಗಟ್ಟಿಯಾಗಿ ಹೇಳಿದ್ದೇನೆ. ಒಂದು ವರ್ಷ ತುಂಬುವವರೆಗೆ ಮಲಗಿದ ಮಗುವಿಗೆ ಇದನ್ನು ಹೊದಿಸಬಾರದು. ಮುಖದ ಮೇಲೆ ಬಂದರೆ ಉಸಿರು ಕಟ್ಟುತ್ತದೆ. ಎಚ್ಚರವಾಗಿದ್ದಾಗ ನೆಲಕ್ಕೆ ಹಾಸಿ, ಪಕ್ಕದಲ್ಲಿ ಕೂತು ಆಡಿಸಲಿ. ತಣ್ಣೀರಲ್ಲಿ ಕೈಯಲ್ಲೇ ಒಗೆದು ನೆರಳಲ್ಲಿ ಒಣಗಿಸಬೇಕು. ಹಳೆ ಬಟ್ಟೆ, ಅಲ್ಲಲ್ಲಿ ಹರಿಯುತ್ತೆ. ಹರಿದ ಕಡೆ ಮೇಲೊಂದು ತುಂಡು ಹಾಕಿ ಹೊಲಿದರೆ ಆಯಿತು. ಅದಕ್ಕೆ ಬೇಕಾಗುತ್ತೆ ಅಂತ ಅಮ್ಮನ ಸೀರೆಯಲ್ಲಿ ಉಳಿದದ್ದನ್ನು ಮಡಿಸಿ, ದಾರ ಸೂಜಿ ಸಮೇತ ತಂಗಿಯ ಬ್ಯಾಗಿಗೆ ಹಾಕಿದ್ದೇನೆ.